ಮನಸ್ಸಿಗೂ ದಿನಕ್ಕೆರಡಾಣೆ: ಮಾತ್ರೆಯಾಚೆಗಿನ ಆರೈಕೆಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕರಾವಳಿಯ ಮಾತಿನಲ್ಲಿ 'ಉದಾಸೀನ' ಎಂದರೆ ಅಲಕ್ಷ್ಯವಲ್ಲ, ಸೋಮಾರಿತನ. ಸ್ನಾನಕ್ಕೆ ಉದಾಸೀನ, ಪೇಟೆಗೆ ಹೋಗಲು ಉದಾಸೀನ, ಊಟ ಮಾಡಲೂ ಉದಾಸೀನ. ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಉಡುಪಿ ಸಮೀಪದ ಮನೆಗೆ ಬಂದು ಕುಳಿತ ಮೊದಲ ಮಳೆಗಾಲದಲ್ಲಿ ನನಗೂ ಹೀಗೆಯೇ ಆಯಿತು. ಅಡಿಕೆಗೆ ಕೊಳೆರೋಗ ತಗಲುವ ಮೊದಲು ಮದ್ದು ಬಿಡಿಸಬೇಕಿತ್ತು, ಬಿಡಿಸಲಿಲ್ಲ. ಪತ್ರಿಕೆ ಜಗಲಿಯಲ್ಲೇ ಒದ್ದೆಯಾಗಿ ಬಿದ್ದಿರುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಹೆಂಚಿನ ಮೇಲೆ ಸುರಿಯುವ ಮಳೆಯನ್ನು ಕೇಳುತ್ತಾ ಬೆಳಗಾಗುವವರೆಗೆ ಬಿದ್ದುಕೊಂಡಿರುತ್ತಿದ್ದೆ. ಮನೆಯವರು ಅದನ್ನು ಉದಾಸೀನ ಎಂದರು. ನಾನೂ ಹಾಗೆಂದೇ ತಿಳಿದು ನನ್ನನ್ನೇ ಬೈದುಕೊಂಡೆ. ಆಟಿ ತಿಂಗಳು ಕಳೆಯುವಾಗ ಏಳು ಕಿಲೋ ಇಳಿದಿದ್ದೆ. ಕೊನೆಗೆ ಹೆಂಡತಿಯ ಒತ್ತಾಯಕ್ಕೆ ವೈದ್ಯರಲ್ಲಿಗೆ ಹೋದಾಗ ಅಲ್ಲಿನ ಆಪ್ತಸಮಾಲೋಚಕಿ ಒಂದು ಮಾತು ಹೇಳಿದರು: "ಸೋಮಾರಿಗೆ ಮಲಗಿದರೆ ಸುಖವಾಗುತ್ತದೆ. ನಿಮಗೆ ಅದೂ ಇಲ್ಲವಲ್ಲ. ಇದು ಸೋಮಾರಿತನವಲ್ಲ, ಖಿನ್ನತೆ."

ನಾನು ವೈದ್ಯನಲ್ಲ. ಆ ಮಳೆಗಾಲದ ನಂತರ ಕಲಿತದ್ದನ್ನು, ಓದಿ ತಿಳಿದದ್ದನ್ನು, ನನ್ನಂತೆಯೇ ಮುದುಡಿ ಕುಳಿತ ನಾಲ್ಕಾರು ಮಂದಿಯ ಜೊತೆ ಕೂತು ಮಾಡಿಸಿ ನೋಡಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಒಂದೇ ದಿನ ಓದಿ ಎಲ್ಲವನ್ನೂ ಆರಂಭಿಸಬೇಡಿ. ಇದು ಎರಡು ಮೂರು ತಿಂಗಳ ಕೆಲಸ.

ಶುರು ಮಾಡುವ ಮೊದಲು

ಮೊದಲನೆಯ ಮಾತು: ಮನಸ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಬರಹವನ್ನು ಓದಿ ಅದನ್ನು ನಿಲ್ಲಿಸಕೂಡದು. ಇಲ್ಲಿ ಹೇಳಿದ ಎಲ್ಲವನ್ನೂ ಮಾತ್ರೆಯ ಜೊತೆಜೊತೆಗೇ ಮಾಡಬಹುದು. ಕಡಿಮೆ ಮಾಡಬೇಕೆನಿಸಿದರೆ ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕಾಯಿಲೆ ಮರುಕಳಿಸುವುದು, ಎಲ್ಲವೂ ಒಟ್ಟಿಗೆ ಬರಬಹುದು.

ಎರಡನೆಯದು: ನಿಮ್ಮ ನೋವು ಎಷ್ಟು ಆಳದ್ದೆಂದು ಒಮ್ಮೆ ಅಳೆದುಕೊಳ್ಳಿ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಜಗತ್ತಿನಾದ್ಯಂತ ವೈದ್ಯರು ಬಳಸುತ್ತಾರೆ, ಕನ್ನಡದಲ್ಲಿಯೂ ಇದೆ. ಕಳೆದ ಎರಡು ವಾರಗಳಲ್ಲಿ ಆಸಕ್ತಿ ಕುಂದಿತ್ತೇ, ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ದಣಿವು ಎಷ್ಟಿತ್ತು ಎಂದು ಅದು ಕೇಳುತ್ತದೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ನಿಮ್ಮ ಉತ್ತರ ಸೊನ್ನೆಯಲ್ಲದಿದ್ದರೆ ಬಾಕಿ ಎಂಟರ ಲೆಕ್ಕ ಬೇಡ, ಇವತ್ತೇ ಯಾರಿಗಾದರೂ ಹೇಳಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಸೇವೆ ಇದು. ಜೀವಕ್ಕೆ ಕೂಡಲೇ ಅಪಾಯವೆನಿಸಿದರೆ 112. ತೋಟಕ್ಕೆಂದು ತಂದಿಟ್ಟ ವಿಷದ ಬಾಟಲಿಗಳು ಮನೆಯಲ್ಲಿದ್ದರೆ ಆ ದಿನವೇ ಬೇರೆಯವರ ಮನೆಗೆ ಸಾಗಿಸಿ ಅಥವಾ ಬೀಗ ಹಾಕಿ ಕೀಲಿಕೈಯನ್ನು ಇನ್ನೊಬ್ಬರ ಕೈಗೆ ಕೊಡಿ. ಸಾಯುವ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತಿನದ್ದು. ಆ ಹೊತ್ತಿನಲ್ಲಿ ಕೈಗೆ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ.

ಯಾರೂ ಇಲ್ಲದಾಗ ದನಿಗಳು ಕೇಳಿಸುವುದು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿಯಾದ ಹುರುಪು, ಊಟ ನೀರು ಪೂರ್ತಿ ಬಿಡುವುದು, ಬಾಣಂತಿಗೆ ಮಗುವಿನ ಮುಖ ನೋಡಲೂ ಮನಸ್ಸಿಲ್ಲದಿರುವುದು: ಇವು ಯಾವುದಕ್ಕೂ ಈ ಬರಹ ಸಾಲದು. ನೇರ ಮನೋವೈದ್ಯರಲ್ಲಿಗೆ ಹೋಗಿ.

ಮೂರನೆಯದು ರಕ್ತಪರೀಕ್ಷೆ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆಯಿದ್ದರೂ, ಬಿ12 ಜೀವಸತ್ವ ಸಾಲದಿದ್ದರೂ ಮನಸ್ಸು ಮಂಕಾಗುತ್ತದೆ. ಬಿ12 ಮೀನು, ಮೊಟ್ಟೆ, ಹಾಲುಗಳಲ್ಲಿ ಸಿಗುವಂಥದ್ದು. ಶುದ್ಧ ಸಸ್ಯಾಹಾರಿಗಳು ಇದನ್ನು ತಪ್ಪದೆ ನೋಡಿಸಿಕೊಳ್ಳಬೇಕು. ನನ್ನ ಪರಿಚಯದ ಒಬ್ಬರು ಆರು ತಿಂಗಳು ಧ್ಯಾನ ಮಾಡಿದರು. ಅವರಿಗಿದ್ದದ್ದು ಥೈರಾಯ್ಡ್ ತೊಂದರೆ.

ಒಂದು ವಾರದ ಲೆಕ್ಕ

ನೂರು ಪುಟದ ಒಂದು ನೋಟ್‌ಪುಸ್ತಕ ಸಾಕು. ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೇ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕು ಬಾರಿ ಕುಳಿತು, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ, ಯಾರ ಜೊತೆಗಿದ್ದೆ, ಮನಸ್ಸು ಹತ್ತರಲ್ಲಿ ಎಷ್ಟಿತ್ತು ಎಂದು ಒಂದೊಂದು ಸಾಲು.

'ಇಡೀ ದಿನ ಬೇಜಾರು' ಎನ್ನುವವರ ಪುಸ್ತಕದಲ್ಲೂ ಎರಡು ಇದ್ದದ್ದು ನಾಲ್ಕಾದ ಗಳಿಗೆಗಳು ಕಾಣುತ್ತವೆ. ನನ್ನ ಪುಸ್ತಕದಲ್ಲಿ ಆ ನಾಲ್ಕು ಬಂದದ್ದು ಪಕ್ಕದ ಮನೆಯ ಹುಡುಗನಿಗೆ ಗಣಿತ ಹೇಳಿಕೊಟ್ಟ ಸಂಜೆ. ಒಂದಕ್ಕೆ ಇಳಿದದ್ದು ಮಧ್ಯಾಹ್ನದ ಊಟದ ಮೇಲೆ ಮಲಗಿ ಮೊಬೈಲ್ ನೋಡುತ್ತಿದ್ದ ಎರಡು ಗಂಟೆಗಳಲ್ಲಿ, ಅದೂ ಏಳು ದಿನಗಳಲ್ಲಿ ಆರು ದಿನ. ಬೇರೆ ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ನನ್ನದೇ ಕೈಬರಹವಾದ್ದರಿಂದ ನಂಬಿದೆ.

ಎರಡಾಣೆಯ ಕೆಲಸ

ಈ ಬರಹದ ಜೀವಾಳ ಇದೇ ಭಾಗ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಕೈ ತುಂಬ ದುಡ್ಡು ಬಂದ ಮೇಲೆ ಉಳಿತಾಯ ಮಾಡೋಣ ಎಂದು ಕಾದವರು ಎಂದೂ ಉಳಿಸಲಿಲ್ಲ. ವ್ಯಾಪಾರ ಆದ ದಿನವೂ ಆಗದ ದಿನವೂ ಎರಡಾಣೆ ಕಟ್ಟಿದವರ ಮನೆಯಲ್ಲಿ ಮಗಳ ಮದುವೆ ನಡೆಯಿತು. ಪಿಗ್ಮಿ ಏಜೆಂಟರನ್ನು 'ಇವತ್ತು ಮನಸ್ಸಿಲ್ಲ, ಮನಸ್ಸು ಬಂದಾಗ ಬನ್ನಿ' ಎಂದು ಯಾರೂ ವಾಪಸು ಕಳಿಸುತ್ತಿರಲಿಲ್ಲ.

ಖಿನ್ನತೆಯಲ್ಲಿ ನಾವು ಮಾಡುವ ದೊಡ್ಡ ತಪ್ಪು ಇದೇ. ಮನಸ್ಸು ಸರಿಯಾದ ಮೇಲೆ ಹೊರಗೆ ಹೋಗುತ್ತೇನೆ, ಉತ್ಸಾಹ ಬಂದ ಮೇಲೆ ಕೆಲಸ ಹಿಡಿಯುತ್ತೇನೆ ಎಂದು ಕಾಯುತ್ತೇವೆ. ಹೊರಗೆ ಹೋಗದ್ದರಿಂದ ಸಂತೋಷ ಕೊಡುವ ಒಂದೊಂದೇ ಸಂಗತಿ ಕೈತಪ್ಪುತ್ತದೆ, ಅದರಿಂದ ಮನಸ್ಸು ಇನ್ನಷ್ಟು ಕುಸಿಯುತ್ತದೆ, ಕುಸಿದದ್ದರಿಂದ ಇನ್ನಷ್ಟು ಒಳಗೇ ಉಳಿಯುತ್ತೇವೆ. ಈ ಸುಳಿಯನ್ನು ಒಡೆಯಲು ಮನಸ್ಸನ್ನು ಕೇಳದೆ, ಗಡಿಯಾರವನ್ನು ನೋಡಿ ಕೆಲಸ ಮಾಡಬೇಕು. ಮನಸ್ಸು ಆಮೇಲೆ ಹಿಂದಿನಿಂದ ಬರುತ್ತದೆ. ಚಿಕಿತ್ಸಕರು ಇದನ್ನು ವರ್ತನಾ ಸಕ್ರಿಯತೆ ಎನ್ನುತ್ತಾರೆ. ನಮ್ಮ ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ಕೆಲವೇ ವಾರ ತರಬೇತಿ ಪಡೆದ ಸಲಹೆಗಾರರು ಇದನ್ನು ಆರರಿಂದ ಎಂಟು ಭೇಟಿಗಳಲ್ಲಿ ಕಲಿಸಿದರು. ಸಾಕಷ್ಟು ತೀವ್ರದಿಂದ ಅತಿ ತೀವ್ರ ಮಟ್ಟದ ಖಿನ್ನತೆಯಿದ್ದವರಲ್ಲಿ ಮೂರು ತಿಂಗಳ ಬಳಿಕ 64 ಪ್ರತಿಶತ ಮಂದಿ ಚೇತರಿಸಿಕೊಂಡಿದ್ದರು. ಮಾಮೂಲು ಆರೈಕೆ ಮಾತ್ರ ಸಿಕ್ಕವರಲ್ಲಿ 39 ಪ್ರತಿಶತ. 2017ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಇದನ್ನು ಪ್ರಕಟಿಸಿತು. ದೊಡ್ಡ ಆಸ್ಪತ್ರೆಯಿಲ್ಲದೆ ನಮ್ಮದೇ ಕರಾವಳಿಯಲ್ಲಿ ಆದದ್ದು ಇದು, ಅದಕ್ಕಾಗಿಯೇ ನನಗೆ ಈ ದಾರಿಯ ಮೇಲೆ ಹೆಚ್ಚು ಭರವಸೆ.

ಮಾಡುವುದು ಹೀಗೆ. ಮೊದಲು ಒಂದು ಹಾಳೆಯಲ್ಲಿ ಹಿಂದೆ ನಿಮಗೆ ಹಿತವಾಗಿದ್ದ ಹತ್ತು ಕೆಲಸಗಳನ್ನು ಬರೆಯಿರಿ. ಅದರ ಕೆಳಗೆ, ಹಿತವಲ್ಲದಿದ್ದರೂ ಮುಗಿಸಿದಾಗ 'ಆಯಿತಪ್ಪ' ಎಂದು ಹಗುರಾಗುವ ಹತ್ತು ಕೆಲಸಗಳನ್ನು ಬರೆಯಿರಿ: ಕರೆಂಟ್ ಬಿಲ್ ಕಟ್ಟುವುದು, ಕಪಾಟು ಜೋಡಿಸುವುದು, ಬಾವಿಕಟ್ಟೆ ಉಜ್ಜುವುದು. ಎರಡೂ ಬಗೆಯವು ಬೇಕು. ಬರೀ ಕರ್ತವ್ಯಗಳನ್ನೇ ತುಂಬಿಕೊಂಡವರು ಎರಡೇ ವಾರಕ್ಕೆ ಬಿಟ್ಟುಬಿಡುತ್ತಾರೆ.

ಬಳಿಕ ಪ್ರತಿಯೊಂದು ಕೆಲಸವನ್ನೂ ಎರಡಾಣೆಯಷ್ಟಕ್ಕೆ ಇಳಿಸಿ. 'ಮಣ್ಣಪಳ್ಳ ಕೆರೆಗೆ ಒಂದು ಸುತ್ತು ನಡೆಯುವುದು' ಎಂಬುದು ಮನಸ್ಸು ಕುಸಿದವನಿಗೆ ಬೆಟ್ಟದಷ್ಟು. ನಾನು ಶುರು ಮಾಡಿದ್ದು 'ಏಳು ಗಂಟೆಗೆ ಜಗಲಿಗೆ ಬಂದು ಚಪ್ಪಲಿ ಹಾಕಿಕೊಳ್ಳುವುದು' ಎಂಬಲ್ಲಿಂದ. ಮೂರು ದಿನ ಅಷ್ಟೇ ಮಾಡಿದೆ. ನಾಲ್ಕನೆಯ ದಿನ ಗೇಟಿನವರೆಗೆ. ಎರಡನೆಯ ವಾರ ಬಸ್ ತಂಗುದಾಣದವರೆಗೆ. ಮಣ್ಣಪಳ್ಳ ಮುಟ್ಟಿದ್ದು ಆರನೆಯ ವಾರದಲ್ಲಿ. ಮೊತ್ತ ತೀರಾ ಚಿಕ್ಕದಾಯಿತು ಎನಿಸಿದರೆ ಸರಿಯಾಗಿಯೇ ಇದೆ ಎಂದು ತಿಳಿಯಿರಿ. ಹತ್ತರಲ್ಲಿ ಒಂಬತ್ತು ದಿನ ಮಾಡಬಲ್ಲೆ ಎಂದು ಧೈರ್ಯವಾಗಿ ಹೇಳುವಷ್ಟು ಚಿಕ್ಕದಿರಬೇಕು.

ಮೂರನೆಯದಾಗಿ, ಕೆಲಸಕ್ಕೆ ಹೊತ್ತು ಮತ್ತು ಜಾಗ ಕಟ್ಟಿ. 'ಇವತ್ತು ಯಾವಾಗಲಾದರೂ ಅಕ್ಕನಿಗೆ ಫೋನ್' ಎಂದರೆ ಆಗುವುದಿಲ್ಲ. 'ನಾಲ್ಕು ಗಂಟೆಯ ಚಹಾ ಕುಡಿದ ಕೂಡಲೇ, ಚಾವಡಿಯ ಕುರ್ಚಿಯಲ್ಲಿ, ಐದು ನಿಮಿಷ' ಎಂದು ಬರೆದರೆ ಆಗುತ್ತದೆ. ದಿನಕ್ಕೆ ಎರಡು ಕೆಲಸ ಸಾಕು, ಒಂದು ಹಿತದ್ದು, ಒಂದು ಹಗುರಾಗಿಸುವುದು. ಮಾಡುವ ಮೊದಲು ಮನಸ್ಸು ಎಷ್ಟಿತ್ತು, ಮಾಡಿದ ಮೇಲೆ ಎಷ್ಟಾಯಿತು ಎಂದು ಪುಸ್ತಕದಲ್ಲಿ ನಮೂದಿಸಿ. ಮೊದಲ ಹತ್ತು ದಿನ ಅಂಕ ಏರುವುದೇ ಇಲ್ಲ. ಇಲ್ಲಿಯೇ ಅನೇಕರು ಕೈಬಿಡುವುದು. ಪಿಗ್ಮಿ ಪುಸ್ತಕದಲ್ಲೂ ಮೊದಲ ತಿಂಗಳ ಮೊತ್ತ ಕಣ್ಣಿಗೆ ಬೀಳುವುದಿಲ್ಲ.

ತಪ್ಪಿದ ದಿನಕ್ಕೆ ಮರುದಿನ ದುಪ್ಪಟ್ಟು ಕಟ್ಟಬೇಡಿ. ಮಾಮೂಲು ಎರಡಾಣೆಯನ್ನೇ ಕಟ್ಟಿ.

ದಿನಚರಿ ಕೈಜಾರುವ ಕಾಲವನ್ನು ನಮ್ಮವರು ಮೊದಲೇ ಗುರುತಿಟ್ಟುಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲೂ ಮಂಗಳೂರಿನ ಬಂದರು ಧಕ್ಕೆಯಲ್ಲೂ 61 ದಿನ ಕೆಲಸ ನಿಲ್ಲುತ್ತದೆ. ಗಲ್ಫ್‌ನಿಂದ ಕೆಲಸ ಬಿಟ್ಟು ಬಂದವರ ಮೊದಲ ವರ್ಷ, ಮಕ್ಕಳು ಬೆಂಗಳೂರಿಗೆ ಹೋದ ಮೇಲಿನ ದೊಡ್ಡ ಮನೆ, ನಿವೃತ್ತಿ, ಇವೂ ಅಂಥ ಕಾಲಗಳೇ. ಬಲೆ ಹೆಣೆಯುವುದೋ ದೋಣಿಗೆ ಬಣ್ಣ ಬಳಿಯುವುದೋ ಇದ್ದವರು ಮೀನುಗಾರಿಕೆ ನಿಂತ ಆ ಎರಡು ತಿಂಗಳನ್ನು ಹೇಗೋ ದಾಟುತ್ತಾರೆ. ಏನೂ ಇಲ್ಲದವರಿಗೆ ಸಂಜೆ ಐದಕ್ಕೇ ಬಾರ್ ಬಾಗಿಲು ಕಾಣುತ್ತದೆ.

ನಡಿಗೆ, ಬೆಳಕು, ಊಟ

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ದೈಹಿಕ ಚಟುವಟಿಕೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾತನಾಡಬಹುದು ಆದರೆ ಹಾಡಲಾಗದು, ಅಷ್ಟು ವೇಗ. ಅಷ್ಟು ಆಗದವರಿಗೆ ದಿನಕ್ಕೆ ಹತ್ತು ನಿಮಿಷವೂ ಲಾಭವೇ. ಮಂಗಳೂರಿನವರಿಗೆ ಕದ್ರಿ ಪಾರ್ಕ್, ಉಡುಪಿಯವರಿಗೆ ಅಜ್ಜರಕಾಡು, ಮಣಿಪಾಲದವರಿಗೆ ಮಣ್ಣಪಳ್ಳ ಇವೆ. ಪಣಂಬೂರು, ಮಲ್ಪೆ ಕಡಲತೀರಗಳು ಅಕ್ಟೋಬರ್ ಬಳಿಕ ಚೆಂದ; ಮಳೆಗಾಲದಲ್ಲಿ ನೀರಿಗಿಳಿಯಲೇಬಾರದು.

ಮಳೆ ಬಿಡದ ದಿನಗಳಿಗೆ ಬೇರೆ ಏರ್ಪಾಡು ಮೊದಲೇ ಇರಲಿ: ಚಾವಡಿಯಲ್ಲಿ ಇಪ್ಪತ್ತು ಸುತ್ತು, ಫ್ಲ್ಯಾಟ್‌ನವರಿಗೆ ಮೆಟ್ಟಿಲು, ಸೂರ್ಯ ನಮಸ್ಕಾರ ಬಲ್ಲವರಿಗೆ ಅದು. ಬೆಳಗಿನ ಅರ್ಧ ಗಂಟೆಯಾದರೂ ಜಗಲಿಯಲ್ಲಿ, ಹೊರಗಿನ ಬೆಳಕಿನಲ್ಲಿ ಕೂರಿ. ಮೋಡ ಕವಿದ ಹಗಲಿನ ಬೆಳಕೂ ಮನೆಯೊಳಗಿನ ಬಲ್ಬಿಗಿಂತ ಹಲವು ಪಟ್ಟು ಹೆಚ್ಚು. ದೇಹದೊಳಗಿನ ಗಡಿಯಾರ ಸರಿಹೊಂದುವುದು ಆ ಬೆಳಕಿನಿಂದ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನುವುದು ಮುಖ್ಯ. ಹಸಿವಿಲ್ಲದಿದ್ದರೂ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ತಿನ್ನುವವರಿಗೆ ಬೂತಾಯಿ ಅಥವಾ ಬಂಗುಡೆ ಮೀನು; ಇವು ಸಾಕು, ಇವೇ ಒಳ್ಳೆಯವು. 'ಮನಸ್ಸಿಗೆ ಬಲ ಕೊಡುವ ಪುಡಿ' ಎಂದು ಸಾವಿರಾರು ರೂಪಾಯಿಗೆ ಮಾರುವುದನ್ನು ಕೊಳ್ಳಬೇಡಿ.

ನಿದ್ದೆಯನ್ನು ಮರಳಿ ತರುವ ಬಗೆ

ನಿದ್ದೆಗೆ ಮಾತ್ರೆಗಿಂತ ಮೊದಲು ಮಾಡಬೇಕಾದ ಒಂದು ಕ್ರಮವಿದೆ, ಹಳೆಯ ನಿದ್ರಾಹೀನತೆಗೆ ಅದೇ ಮೊದಲ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿಯೇ ಹೇಳಿದೆ. ಕೇಳಲು ಸುಲಭ, ಮೊದಲ ಎರಡು ವಾರ ನಿಜಕ್ಕೂ ಕಷ್ಟ.

ನಿದ್ದೆ ಬಾರದವರು ಸಾಮಾನ್ಯವಾಗಿ ಬೇಗ ಮಲಗಿ ತಡವಾಗಿ ಏಳುತ್ತಾರೆ. ನಾನು ಒಂಬತ್ತಕ್ಕೆ ಮಲಗಿ ಆರೂವರೆಗೆ ಏಳುತ್ತಿದ್ದೆ. ನಿದ್ದೆ ಬರುತ್ತಿದ್ದದ್ದು ಐದೂವರೆ ಗಂಟೆ. ಉಳಿದ ನಾಲ್ಕು ಗಂಟೆ ಹಾಸಿಗೆ ಎಂದರೆ ಚಿಂತೆ ಮಾಡುವ ಜಾಗ ಎಂದು ಮೆದುಳಿಗೆ ಕಲಿಸುತ್ತಿದ್ದೆ. ಆಪ್ತಸಮಾಲೋಚಕಿ ಹೇಳಿದಂತೆ ಹಾಸಿಗೆಯ ಹೊತ್ತನ್ನು ಆರು ಗಂಟೆಗೆ ಇಳಿಸಿದೆ: ಹನ್ನೊಂದೂವರೆಗೆ ಮಲಗುವುದು, ಐದೂವರೆಗೆ ಏಳುವುದು, ರಾತ್ರಿ ಹೇಗೇ ಕಳೆದಿರಲಿ, ಭಾನುವಾರವೇ ಇರಲಿ. ಮಲಗಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಚಾವಡಿಗೆ ಹೋಗಿ, ಮಂದ ಬೆಳಕಿನಲ್ಲಿ ಹಳೆಯ ಪುಸ್ತಕವೊಂದನ್ನು ಓದಿ, ಕಣ್ಣು ಎಳೆದಾಗ ಮರಳುವುದು. ಗಡಿಯಾರ ನೋಡಬಾರದು, ಅಂದಾಜು ಸಾಕು. ಮೊಬೈಲ್ ಬೇರೆ ಕೋಣೆಯಲ್ಲಿ. ಹಾಸಿಗೆಯಲ್ಲಿ ಕಳೆದ ಹೊತ್ತಿನ 85 ಪ್ರತಿಶತ ನಿದ್ದೆಯಲ್ಲೇ ಕಳೆದ ವಾರ ಬಂದರೆ ಹದಿನೈದು ನಿಮಿಷ ಮೊದಲು ಮಲಗಬಹುದು. ಹೀಗೆ ವಾರಕ್ಕೆ ಹದಿನೈದು ನಿಮಿಷದಂತೆ ಹಿಗ್ಗಿಸುತ್ತಾ ಹೋಗುವುದು. ನನಗೆ ಏಳು ವಾರ ಬೇಕಾಯಿತು.

ಐದು ಗಂಟೆಗಿಂತ ಕೆಳಗೆ ಎಂದೂ ಇಳಿಸಬೇಡಿ. ಬೈಪೋಲಾರ್ ಕಾಯಿಲೆ (ಅತಿ ಹುರುಪು, ಖಿನ್ನತೆ ಸರದಿಯಲ್ಲಿ ಬರುವಂಥದ್ದು) ಅಥವಾ ಅಪಸ್ಮಾರ ಇರುವವರು, ಬಸ್ ಲಾರಿ ಓಡಿಸುವವರು, ದೋಣಿಯಲ್ಲಿ ದುಡಿಯುವವರು ವೈದ್ಯರನ್ನು ಕೇಳದೆ ಹೊತ್ತು ಇಳಿಸುವ ಈ ಕ್ರಮಕ್ಕೆ ಕೈಹಾಕಬಾರದು. ಉಳಿದ ನಿಯಮಗಳು ಎಲ್ಲರಿಗೂ ಸಲ್ಲುತ್ತವೆ.

ಕಾಫಿಯ ಕೆಫೀನ್ ಐದಾರು ಗಂಟೆಯ ಬಳಿಕವೂ ರಕ್ತದಲ್ಲಿ ಅರ್ಧದಷ್ಟು ಉಳಿದಿರುತ್ತದೆ, ಹಾಗಾಗಿ ಮಧ್ಯಾಹ್ನ ಎರಡರ ಮೇಲೆ ಬೇಡ. ನಾಲ್ಕರ ಚಹಾ ಬಿಡಲಾಗದವರು ಅದನ್ನು ತೆಳುವಾಗಿಸಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದ ಮರುದಿನವೂ ಹಗಲಿಡೀ ಮಲಗದೆ, ಆ ರಾತ್ರಿ ಮಾಮೂಲು ಹೊತ್ತಿಗೆ ಮಲಗುವುದು ಒಳ್ಳೆಯದು. ಚೇತರಿಸಿಕೊಳ್ಳುವ ತಿಂಗಳುಗಳಲ್ಲಿ ಕೆಲವೇ ಗಂಟೆಗಳ ಕಾಲಮಿತಿಯ ಯಕ್ಷಗಾನದ ಆಟವೇ ಸಾಕು. ಆಟವನ್ನೇ ಬಿಡುವುದು ಮಾತ್ರ ಬೇಡ.

ಮಂಡೆಬೆಚ್ಚಕ್ಕೆ

ತುಳುವಿನ 'ಮಂಡೆಬೆಚ್ಚ' ಎಂಬ ಪದ ಎಷ್ಟು ಸರಿಯಾಗಿದೆ! ತಲೆ ಬಿಸಿಯಾಗುವುದೇ ಚಿಂತೆ. ಚಿಂತಿಸಬೇಡ ಎಂದರೆ ಚಿಂತೆ ನಿಲ್ಲುವುದಿಲ್ಲ. ಅದಕ್ಕೊಂದು ಹೊತ್ತು ಕೊಡಿ. ಸಂಜೆ ಆರರಿಂದ ಆರೂ ಇಪ್ಪತ್ತು, ಜಗಲಿಯಲ್ಲಿ ಒಂದೇ ಜಾಗ. ಹಗಲಿನಲ್ಲಿ ಬಂದ ಚಿಂತೆಯನ್ನು ಒಂದೇ ಸಾಲಿನಲ್ಲಿ ಬರೆದಿಟ್ಟು 'ಸಂಜೆಗೆ' ಎಂದು ಮುಂದಕ್ಕೆ ಹಾಕಿ. ಆ ಹೊತ್ತಿಗೆ ಪಟ್ಟಿ ತೆರೆದರೆ ಅರ್ಧದಷ್ಟು ತಾವಾಗಿಯೇ ಸಪ್ಪೆಯಾಗಿರುತ್ತವೆ. ಉಳಿದವನ್ನು ಎರಡಾಗಿ ವಿಂಗಡಿಸಿ: ನನ್ನ ಕೈಯಲ್ಲಿರುವುದು, ಇಲ್ಲದಿರುವುದು. ಇಲ್ಲದಿರುವುದಕ್ಕೆ ದೀಪ ಹಚ್ಚುವ ಹೊತ್ತಿನ ಪ್ರಾರ್ಥನೆ, ನಂಬಿಕೆಯಿದ್ದವರಿಗೆ.

ಕೈಯಲ್ಲಿರುವುದಕ್ಕೆ ಬೇಕಾದದ್ದು ಚಿಂತೆಯಲ್ಲ, ಲೆಕ್ಕ. ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಪರಿಹಾರ ಎನಿಸಿದ್ದನ್ನೆಲ್ಲ, ಹುಚ್ಚೆನಿಸಿದ್ದನ್ನೂ ಸೇರಿಸಿ, ಐದಾರು ಬರೆಯಿರಿ. ಪ್ರತಿಯೊಂದರ ಲಾಭ ನಷ್ಟ ನೋಡಿ ಒಂದನ್ನು ಆರಿಸಿ, ಅದರ ಮೊದಲ ಹೆಜ್ಜೆಯನ್ನು ನಾಳೆಯ ದಿನಾಂಕ ಹಾಕಿ ಬರೆಯಿರಿ. ಬ್ಯಾಂಕಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಾಲದ ಕಂತು ತಪ್ಪಿದವರು ರಸ್ತೆಯಲ್ಲಿ ನಮ್ಮನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ನಿದ್ದೆ ಕೆಡುತ್ತಿತ್ತು, ಬಡ್ಡಿ ಬೆಳೆಯುತ್ತಿತ್ತು. ಎರಡನೆಯ ಕಂತು ತಪ್ಪುವ ಮೊದಲೇ ಕೌಂಟರಿಗೆ ಬಂದು 'ಸಾರ್, ಆಗುತ್ತಿಲ್ಲ' ಎಂದವರಿಗೆ ಕಂತು ಮರುಹೊಂದಿಸಲು ದಾರಿಗಳಿದ್ದವು. ಹೇಳಲು ಹೋದ ದಿನ ಅವರ ಸಾಲ ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ, ಆದರೂ ಮುಖ ಬೇರೆಯಾಗಿರುತ್ತಿತ್ತು.

ಎದೆ ಬಡಿತ ಏರಿ, ಕೈ ನಡುಗಿ, ಈಗಲೇ ಸಾಯುತ್ತೇನೆ ಎಂದು ಭಯವಾಗುವ ದಾಳಿ ಕೆಲವರಿಗೆ ಬರುತ್ತದೆ. ಮೊದಲ ಬಾರಿ ಬಂದಾಗ ಹೃದಯದ ತೊಂದರೆಯಲ್ಲವೆಂದು ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳಿ. ಅಲ್ಲವೆಂದಾದರೆ ಮುಂದಿನ ಬಾರಿ ಓಡಬೇಡಿ, ಕುಳಿತುಕೊಳ್ಳಿ. ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರು. ಇದನ್ನು ದಿನಾ ಐದು ನಿಮಿಷ, ಏನೂ ತೊಂದರೆಯಿಲ್ಲದ ಹೊತ್ತಿನಲ್ಲಿ ರೂಢಿ ಮಾಡಿದರೆ ಮಾತ್ರ ದಾಳಿಯ ಹೊತ್ತಿಗೆ ಒದಗುತ್ತದೆ. ಈಜನ್ನು ನೆರೆ ಬಂದ ದಿನ ಕಲಿಯಲಾಗದು.

ಜನ

ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರು ತರಬೇತಿ ಕೊಟ್ಟ ಅಜ್ಜಿಯಂದಿರು ಆರೋಗ್ಯ ಕೇಂದ್ರದ ಹೊರಗಿನ ಬೆಂಚಿನಲ್ಲಿ ಕುಳಿತು ಜನರ ಕಷ್ಟ ಕೇಳುತ್ತಾರೆ, ಮೇಲೆ ಹೇಳಿದಂತೆ ಒಂದೊಂದೇ ಸಮಸ್ಯೆ ಬಿಡಿಸಲು ಜೊತೆಗಿರುತ್ತಾರೆ. ಅದರಿಂದ ಖಿನ್ನತೆ ಇಳಿದದ್ದು ಅಧ್ಯಯನದಲ್ಲಿ ಸಾಬೀತಾಗಿದೆ. ನಮಗೂ ಬೆಂಚಿಗೆ ಬರವಿಲ್ಲ. ಅಶ್ವತ್ಥಕಟ್ಟೆಯಿದೆ, ಸಂಜೆಯ ಭಜನಾ ಮಂಡಳಿಯಿದೆ, ಸ್ವಸಹಾಯ ಸಂಘದ ವಾರದ ಸಭೆಯಿದೆ, ತಾಳಮದ್ದಳೆಯ ಕೂಟವಿದೆ, ಇಗರ್ಜಿಯ ವಾಳೆಗಳೆಂಬ ನೆರೆಹೊರೆ ಗುಂಪುಗಳಿವೆ, ಶುಕ್ರವಾರದ ನಮಾಜಿನ ನಂತರದ ಮಾತುಕತೆಯಿದೆ. ಮನಸ್ಸು ಕುಸಿದಾಗ ನಾವು ಮೊದಲು ಬಿಡುವುದು ಇವನ್ನೇ. ಮರಳುವಾಗ ಮಾತನಾಡಲೇಬೇಕಿಲ್ಲದ ಕೂಟದಿಂದ ಶುರು ಮಾಡಿ. ಭಜನೆಯಲ್ಲಿ ತಾಳ ಹಾಕುವವನನ್ನು 'ಏನು ಸುದ್ದಿ, ಯಾಕೆ ಇಳಿದಿದ್ದೀರಿ' ಎಂದು ಯಾರೂ ನಡುವೆ ನಿಲ್ಲಿಸಿ ಕೇಳುವುದಿಲ್ಲ. ಮನೆಯಲ್ಲೇ ಮಲ್ಲಿಗೆ ಕಟ್ಟುವ, ಬೀಡಿ ಕಟ್ಟುವ ಹೆಂಗಸರು ವಾರಕ್ಕೆರಡು ದಿನವಾದರೂ ನೆರೆಯವರ ಜಗಲಿಯಲ್ಲಿ ಕೂಡಿ ಕಟ್ಟಲಿ.

ಒಬ್ಬರ ಬಳಿಯಾದರೂ ಪೂರ್ತಿ ಹೇಳಿಕೊಳ್ಳಿ. ಆರಂಭದ ಮಾತು ಸಿಗದಿದ್ದರೆ ಇದನ್ನೇ ಬಳಸಬಹುದು: "ಎರಡು ತಿಂಗಳಿಂದ ನನಗೆ ಸರಿಯಿಲ್ಲ. ಸಲಹೆ ಬೇಡ, ಹತ್ತು ನಿಮಿಷ ಕೇಳಿಸಿಕೊಂಡರೆ ಸಾಕು."

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ಮದ್ಯ ಆ ಕ್ಷಣಕ್ಕೆ ಹಗುರ ಮಾಡಿ, ರಾತ್ರಿಯ ನಿದ್ದೆಯನ್ನು ತುಂಡರಿಸಿ, ಮರುದಿನದ ಮನಸ್ಸನ್ನು ಇನ್ನಷ್ಟು ತಗ್ಗಿಸುತ್ತದೆ. ಆದರೆ ವರ್ಷಗಟ್ಟಲೆ ದಿನಾ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅಂಥವರು ಬಿಡುವುದು ವೈದ್ಯರ ಕಣ್ಣಳತೆಯಲ್ಲೇ ಆಗಬೇಕು.

ಮನೆಯವರಿಗೆ

'ಉದಾಸೀನ ಬಿಡು', 'ನಿನಗೇನು ಕಮ್ಮಿಯಾಗಿದೆ', 'ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ': ಈ ಮೂರನ್ನೂ ದಯವಿಟ್ಟು ಆಡಬೇಡಿ. ಬದಲಿಗೆ ಜೊತೆಗೆ ಚಪ್ಪಲಿ ಹಾಕಿಕೊಳ್ಳಿ. 'ವಾಕಿಂಗ್ ಹೋಗು' ಎನ್ನುವುದಕ್ಕೂ 'ಬಾ, ಅಂಗಡಿಗೆ ಹೋಗಿ ಬೆಲ್ಲ ತರೋಣ' ಎನ್ನುವುದಕ್ಕೂ ಅಜಗಜಾಂತರ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲ. ಹೇಳಿಕೊಳ್ಳಲು ಬಾಗಿಲು ತೆರೆದಂತಾಗುತ್ತದೆ.

ದೈವದ ಮುಂದೆ ಹೇಳಿಕೊಳ್ಳುವುದು, ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸುವುದು, ಹರಕೆ ಹೊರುವುದು ನಮ್ಮ ಮನೆಗಳಲ್ಲಿ ಇದ್ದದ್ದೇ. ಅದರಿಂದ ಸಿಗುವ ಧೈರ್ಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ನನ್ನ ತಾಯಿಯೂ ಹರಕೆ ಹೊತ್ತರು. ಆದರೆ ಪರಿಹಾರ ಕರ್ಮಕ್ಕೆ ಮುಂದಿನ ತಿಂಗಳು ದಿನ ಗೊತ್ತಾಗಿದೆ ಎಂದು ವೈದ್ಯರ ಭೇಟಿಯನ್ನು ಮುಂದೂಡುವುದು ತಪ್ಪು. ಎರಡೂ ಒಟ್ಟಿಗೆ ನಡೆಯಲಿ.

ಸಲಹೆಗಾರರನ್ನು ಹುಡುಕುವಾಗ

ನಾಲ್ಕಾರು ವಾರ ಪ್ರಾಮಾಣಿಕವಾಗಿ ಮಾಡಿಯೂ ಪುಸ್ತಕದ ಅಂಕ ಏರದಿದ್ದರೆ ಒಬ್ಬರೇ ಎಳೆಯಬೇಡಿ. ಮಂಗಳೂರಿನ ವೆನ್ಲಾಕ್ ಜಿಲ್ಲಾಸ್ಪತ್ರೆ, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗಳಲ್ಲಿ ವಿಚಾರಿಸಬಹುದು. ಎರಡೂ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮನೋವೈದ್ಯರು ಮಾತ್ರೆ ಬರೆಯಬಲ್ಲ ವೈದ್ಯರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಮಾಡುವವರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಮೊದಲ ಭೇಟಿಯಲ್ಲೇ ಕೇಳಿ: ಯಾವ ಬಗೆಯ ಚಿಕಿತ್ಸೆ, ಎಷ್ಟು ಭೇಟಿ, ಮನೆಯಲ್ಲಿ ಮಾಡಲು ಏನು ಕೊಡುತ್ತೀರಿ, ಗುಣವಾಗುತ್ತಿದೆಯೆಂದು ಹೇಗೆ ಅಳೆಯುತ್ತೀರಿ. ಅಳುವ ಭಾಷೆ ಯಾವುದೋ ಆ ಭಾಷೆಯಲ್ಲಿ ಮಾತನಾಡಬಲ್ಲವರನ್ನೇ ಹುಡುಕಿ, ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪ್ರ ಕನ್ನಡವೋ. ಮೊದಲು ಹೋದವರು ಹೊಂದಲಿಲ್ಲವೆಂದರೆ ಇನ್ನೊಬ್ಬರಲ್ಲಿಗೆ ಹೋಗಿ. ನಾನು ಮೊದಲು ಹೋದ ಕಡೆ ಐದು ನಿಮಿಷದಲ್ಲಿ 'ಧೈರ್ಯವಾಗಿರಿ' ಎಂದು ಕಳಿಸಿದ್ದರು. ಅಲ್ಲಿಗೇ ಬಿಟ್ಟಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ. ನಿಮ್ಮ ನೋಟ್‌ಪುಸ್ತಕವನ್ನು ಜೊತೆಗೆ ಒಯ್ಯಿರಿ. ಒಂದು ಗಂಟೆ ವಿವರಿಸಿದರೂ ಹೇಳಲಾಗದ್ದು ಅದರ ನಾಲ್ಕು ಪುಟದಲ್ಲಿ ಇರುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪೆನಿಗಳು ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕು. ನಿಮ್ಮ ಪಾಲಿಸಿಯಲ್ಲಿ ಏನೇನು ಸೇರಿದೆಯೆಂದು ಕೇಳಿ ನೋಡಿ.

ಮತ್ತೆ ಮಳೆ ಹಿಡಿಯುವ ಮೊದಲು

ಗುಣವಾದ ಮೇಲೆ ಮಾಡಬೇಕಾದ ಒಂದು ಕೆಲಸವಿದೆ, ಅನೇಕರು ಮರೆಯುತ್ತಾರೆ. ಖಿನ್ನತೆ ಮರುಕಳಿಸಬಹುದು. ಅದು ಬರುವ ಮೊದಲಿನ ನಿಮ್ಮ ಸ್ವಂತ ಸೂಚನೆಗಳು ಏನೆಂದು ಮನಸ್ಸು ತಿಳಿಯಾಗಿರುವಾಗಲೇ ಬರೆದಿಡಿ. ನನ್ನವು ಮೂರು: ಪತ್ರಿಕೆ ಬಿಡಿಸದೆ ಉಳಿಯುವುದು, ಫೋನ್ ರಿಂಗಾದರೆ ಎತ್ತದಿರುವುದು, ಗಡ್ಡ ತೆಗೆಯದಿರುವುದು. ಅದರ ಕೆಳಗೆ, ಸೂಚನೆ ಕಂಡರೆ ಮೊದಲ ವಾರ ಮಾಡಬೇಕಾದದ್ದು: ನೋಟ್‌ಪುಸ್ತಕ ತೆರೆಯುವುದು, ಐದೂವರೆಗೆ ಏಳುವುದು, ಏಳಕ್ಕೆ ಚಪ್ಪಲಿ ಹಾಕಿಕೊಳ್ಳುವುದು, ಆಪ್ತಸಮಾಲೋಚಕಿಗೆ ಕರೆ ಮಾಡುವುದು. ಪ್ರತಿ ವರ್ಷ ಮೇ ಕೊನೆಯಲ್ಲಿ, ಕೊಡೆಗಳನ್ನು ಹೊರತೆಗೆಯುವ ದಿನವೇ ಈ ಹಾಳೆಯನ್ನು ಹೊಸದಾಗಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸುತ್ತೇನೆ. ಕೊನೆಯ ಸಾಲು ನನ್ನದಲ್ಲ, ಹೆಂಡತಿಯ ಕೈಬರಹ: "ಮೂರು ದಿನ ಗಡ್ಡ ತೆಗೆಯದಿದ್ದರೆ ನಾನು ಕೇಳುತ್ತೇನೆ. ನೀವು ಸಿಟ್ಟು ಮಾಡಬಾರದು."